ಒಂದು ಕಿವಿ ಸಾಕು ಎಂಬ ಸುಳ್ಳು

ಒಂದು ಕಿವಿ ಕೇಳಿಸದಂತಾದವರಿಗೆ ನಮ್ಮಲ್ಲಿ ಸಿಗುವ ಮೊದಲ ಸಮಾಧಾನ, ‘ಇನ್ನೊಂದು ಚೆನ್ನಾಗಿದೆಯಲ್ಲ, ದೇವರು ದೊಡ್ಡವನು’ ಎಂಬುದು. ಮನೆಯ ಹಿರಿಯರು ಹೇಳುತ್ತಾರೆ, ಆಫೀಸಿನ ಗೆಳೆಯರು ಹೇಳುತ್ತಾರೆ. ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಂ ಕೈಯಲ್ಲಿ ಹಿಡಿದು ಕುಳಿತ ವೈದ್ಯರಲ್ಲೂ ಹಲವರು ಇದನ್ನೇ ಹೇಳಿ, ಕೊನೆಗೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಸೇರಿಸುತ್ತಾರೆ. ನನ್ನ ಬಲಗಿವಿ ಕೆಟ್ಟಾಗ ನನಗೂ ಸಿಕ್ಕಿದ್ದು ಇದೇ ಮಾತು. ಹಿಯರಿಂಗ್ ಏಡ್ ಹಾಕಿಸಿಕೊಳ್ಳುತ್ತೇನೆ ಎಂದಾಗ, ‘ಒಂದೇ ಕಿವಿಗೆ ಯಾಕೆ ಅದೆಲ್ಲ, ದುಡ್ಡು ದಂಡ’ ಎಂದರು. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಮಾತು ತಪ್ಪು. ಈ ತಪ್ಪಿನಿಂದ ಮಕ್ಕಳ ಓದು ಕೆಡುತ್ತಿದೆ, ಗುಣವಾಗಬಹುದಾಗಿದ್ದ ಕಿವಿಗಳು ಕೈಬಿಟ್ಟುಹೋಗುತ್ತಿವೆ, ಸಾವಿರಾರು ರೂಪಾಯಿ ಕೊಟ್ಟು ತಂದ ಸಾಧನಗಳು ಬೀರುವಿನ ಡ್ರಾಯರ್ ಸೇರುತ್ತಿವೆ. ಆದ್ದರಿಂದ ಇದನ್ನು ಸಮಾಧಾನದ ಮಾತೆಂದು ಬಿಟ್ಟುಬಿಡಲು ನಾನು ತಯಾರಿಲ್ಲ.

ಈ ಮಾತಿನ ಬುಡದಲ್ಲಿ ಒಂದು ಲೆಕ್ಕವಿದೆ: ಎರಡರಲ್ಲಿ ಒಂದು ಹೋದರೆ ಅರ್ಧ ಹೋಯಿತು, ಅರ್ಧ ಉಳಿಯಿತು. ಲೆಕ್ಕವೇ ಸರಿಯಿಲ್ಲ. ಒಂದು ಕಿವಿ ಕೆಟ್ಟಾಗ ಹೋಗುವುದು ಎರಡೂ ಕಿವಿಗಳು ಕೂಡಿ ಮಾಡುತ್ತಿದ್ದ ಕೆಲಸ. ಉಳಿದ ಕಿವಿ ಎಷ್ಟೇ ಚುರುಕಾಗಿದ್ದರೂ ಆ ಕೆಲಸವನ್ನು ಒಂಟಿಯಾಗಿ ಮಾಡಲಾರದು.

ಎದುರು ಪಕ್ಷದವರ ಹತ್ತಿರ ಗಟ್ಟಿಯಾದ ಸಾಕ್ಷ್ಯವೊಂದು ಇದೆ ಎಂಬುದನ್ನು ಒಪ್ಪುತ್ತೇನೆ. ಬಾಗಿಲು ಹಾಕಿದ ಕೋಣೆ, ಫ್ಯಾನೂ ಇಲ್ಲ, ಎದುರಿಗೆ ಒಬ್ಬರೇ ಕುಳಿತು ಮಾತಾಡುತ್ತಿದ್ದಾರೆ ಎಂದರೆ ಒಂದು ಕಿವಿ ನಿಜಕ್ಕೂ ಸಾಕು. ನಿಶ್ಶಬ್ದದಲ್ಲಿ ಅತಿ ಸಣ್ಣ ಸದ್ದನ್ನು ಹಿಡಿಯುವಾಗ ಒಂದು ಕಿವಿಗೂ ಎರಡು ಕಿವಿಗೂ ಇರುವ ವ್ಯತ್ಯಾಸ ಸುಮಾರು 3 ಡೆಸಿಬೆಲ್ ಅಷ್ಟೆ. ವೈದ್ಯರ ಕೋಣೆ ಇಂಥದ್ದೇ. ಅಲ್ಲಿ ಕುಳಿತ ರೋಗಿ ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಡುತ್ತಾನೆ, ವೈದ್ಯರು ‘ಚೆನ್ನಾಗಿಯೇ ಕೇಳಿಸುತ್ತಿದೆಯಲ್ಲ’ ಎನ್ನುತ್ತಾರೆ. ಆದರೆ ಬದುಕು ನಡೆಯುವುದು ಬಸ್ ಸ್ಟ್ಯಾಂಡಿನಲ್ಲಿ, ತರಗತಿಯಲ್ಲಿ, ಹೋಟೆಲಿನಲ್ಲಿ, ಕುಕ್ಕರ್ ಕೂಗುತ್ತಿರುವ, ಟಿವಿ ಹಚ್ಚಿರುವ ಮನೆಯಲ್ಲಿ. ಅಲ್ಲಿ ಒಬ್ಬರೇ ಮಾತಾಡುವುದಿಲ್ಲ, ಎದುರಿಗೇ ನಿಂತೂ ಮಾತಾಡುವುದಿಲ್ಲ.

ಎಡಗಡೆಯಿಂದ ಬಂದ ಸದ್ದು ಬಲಗಿವಿಯನ್ನು ತುಸು ತಡವಾಗಿ ಮುಟ್ಟುತ್ತದೆ. ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಸುಮಾರು 0.6ರಿಂದ 0.7 ಮಿಲಿಸೆಕೆಂಡ್. ಜೊತೆಗೆ ನಮ್ಮ ತಲೆಯೇ ನಡುವೆ ಅಡ್ಡ ನಿಲ್ಲುವುದರಿಂದ ಆಚೆಯ ಕಿವಿಗೆ ಸದ್ದು ತೆಳುವಾಗಿ ತಲುಪುತ್ತದೆ. ದಪ್ಪ ಸದ್ದುಗಳು ತಲೆಯನ್ನು ಬಳಸಿಕೊಂಡು ಹೋಗುತ್ತವೆ. ತೀಕ್ಷ್ಣವಾದ ಸದ್ದುಗಳು ತಡೆದು ನಿಲ್ಲುತ್ತವೆ, 15–20 ಡೆಸಿಬೆಲ್‌ವರೆಗೂ ಕುಗ್ಗುತ್ತವೆ. ಈ ಎರಡು ಸುಳಿವುಗಳನ್ನು ಜೋಡಿಸಿ ಮಿದುಳು ಸದ್ದಿನ ದಿಕ್ಕನ್ನು ತೀರ್ಮಾನಿಸುತ್ತದೆ ಎಂದು ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೇ 1907ರಲ್ಲೇ ವಿವರಿಸಿದ. ಗದ್ದಲದ ನಡುವೆ ಒಬ್ಬರ ದನಿಯನ್ನು ಮಾತ್ರ ಹೆಕ್ಕಿ ಕೇಳುವುದು ಹೇಗೆ ಎಂಬ ಪ್ರಶ್ನೆಯನ್ನು ಕಾಲಿನ್ ಚೆರ್ರಿ 1953ರಲ್ಲಿ ಪ್ರಯೋಗಕ್ಕೆ ಒಡ್ಡಿದ. ಅದಕ್ಕೂ ಎರಡು ಕಿವಿಯ ಈ ಹೋಲಿಕೆ ದೊಡ್ಡ ಆಸರೆ. ಹೋಲಿಸಬೇಕಾದರೆ ಎರಡು ಬೇಕು. ಒಂದೇ ಇದ್ದಾಗ ಹೋಲಿಕೆ ಅರ್ಧವಾಗುವುದಿಲ್ಲ, ನಿಂತೇಹೋಗುತ್ತದೆ. ನೂರು ವರ್ಷಕ್ಕೂ ಹಳೆಯ ಈ ತಿಳಿವಳಿಕೆ ನಮ್ಮ ಕ್ಲಿನಿಕ್ಕುಗಳಲ್ಲಿ ‘ಇನ್ನೊಂದು ಇದೆಯಲ್ಲ’ ಎಂಬ ಮಾತಿನ ಅಡಿಯಲ್ಲಿ ಹೂತುಹೋಗಿದೆ.

ನಮ್ಮ ರಸ್ತೆಗಳಿಗೆ ಬನ್ನಿ. ನಾವು ಎಡಗಡೆ ಓಡಿಸುವವರು, ಹಿಂದಿನ ವಾಹನ ನಮ್ಮನ್ನು ದಾಟುವುದು ಬಲಗಡೆಯಿಂದ. ಬಲಗಿವಿ ಹೋದ ಸ್ಕೂಟರ್ ಸವಾರನಿಗೆ ಹಾರನ್ ಕೇಳಿಸುತ್ತದೆ, ಎಲ್ಲಿಂದ ಬಂತು ಎಂಬುದು ಗೊತ್ತಾಗುವುದಿಲ್ಲ. ಕೇಳುವ ಕಿವಿ ಎಡಗಡೆಯದಾದ್ದರಿಂದ ಎಲ್ಲ ಸದ್ದೂ ಎಡಗಡೆಯಿಂದಲೇ ಬಂದಂತೆ ಅನ್ನಿಸುತ್ತದೆ. ಎಡಕ್ಕೆ ತಿರುಗಿ ನೋಡುವ ಆ ಗಳಿಗೆಯಲ್ಲಿ ಬಸ್ಸು ಬಲಗಡೆಯಿಂದ ಹಾಯ್ದುಹೋಗಿರುತ್ತದೆ. ಎಡಗಿವಿ ಹೋದವರ ಕಷ್ಟ ಬೇರೆ. ಕಾರು ಓಡಿಸುವಾಗ ಪಕ್ಕದಲ್ಲಿ ಕುಳಿತವರು ಅವರ ಎಡಕ್ಕಿರುತ್ತಾರೆ, ಮೈಸೂರಿನಿಂದ ಮಡಿಕೇರಿಯವರೆಗೂ ಹೆಂಡತಿಯ ಒಂದು ಮಾತೂ ನೆಟ್ಟಗೆ ತಲುಪುವುದಿಲ್ಲ. ಒಳ್ಳೆಯ ಕಿವಿಗೆ ಫೋನ್ ಹಿಡಿದರೆ ಲೋಕದ ಬಾಗಿಲು ಪೂರ್ತಿ ಮುಚ್ಚಿದಂತೆ. ಒಳ್ಳೆಯ ಕಿವಿ ದಿಂಬಿನ ಕೆಳಗೆ ಹೋದರೆ ರಾತ್ರಿ ಮಗು ಅತ್ತರೂ ಎಚ್ಚರವಾಗುವುದಿಲ್ಲ. ‘ಒಳ್ಳೇ ನಿದ್ದೆ ಬರುತ್ತಲ್ಲ, ಪುಣ್ಯವಂತ’ ಎನ್ನುವವರು ಇದನ್ನು ಯೋಚಿಸಿರುವುದಿಲ್ಲ.

ಮದುವೆ ಮನೆಯ ಊಟದ ಪಂಕ್ತಿಯೊಂದನ್ನು ಹತ್ತಿರದಿಂದ ತೋರಿಸುತ್ತೇನೆ. ಸಾಲಾಗಿ ಎಲೆ ಹಾಕಿದ್ದಾರೆ, ಬಕೆಟ್ಟಿನ ಸದ್ದು, ಸ್ಟೀಲು ಲೋಟದ ಸದ್ದು, ಪಕ್ಕದ ಹಾಲಿನಿಂದ ನಾಗಸ್ವರ, ಅದರ ಮೇಲೆ ಮೈಕಿನಲ್ಲಿ ಯಾರದೋ ಹೆಸರು ಕೂಗುತ್ತಿದ್ದಾರೆ. ನನ್ನ ಬಲಗಡೆ ಕುಳಿತವರು ಬಹಳ ದಿನದ ಮೇಲೆ ಸಿಕ್ಕ ನೆಂಟರು. ಅವರು ಏನೋ ಹೇಳುತ್ತಿದ್ದಾರೆ. ಮಾತು ನನ್ನ ಕೆಟ್ಟ ಕಿವಿಗೆ ಬಿದ್ದು, ತಲೆಯನ್ನು ಸುತ್ತಿ ಎಡಗಿವಿಗೆ ಬರುವಷ್ಟರಲ್ಲಿ ಅದರ ಸ್ವರಗಳು ಮಾತ್ರ ಉಳಿದಿರುತ್ತವೆ, ವ್ಯಂಜನಗಳು ಉದುರಿಹೋಗಿರುತ್ತವೆ. ‘ಸಾಲು’, ‘ಹಾಲು’, ‘ಕಾಲು’, ‘ಪಾಲು’ ನಾಲ್ಕನ್ನೂ ಬೇರೆ ಮಾಡುವುದು ಮೊದಲ ಅಕ್ಷರದ ಕ್ಷೀಣವಾದ ಚೂರು ಸದ್ದು. ತಲೆ ತಡೆಯುವುದೂ ಅದನ್ನೇ, ಎಡಗಡೆಯ ಗದ್ದಲ ನುಂಗುವುದೂ ಅದನ್ನೇ. ಅವರು ಮಗಳ ಸೀಟಿನ ವಿಷಯ ಹೇಳುತ್ತಿದ್ದಾರೋ, ಜಮೀನಿನ ಪಾಲಿನ ವಿಷಯ ಹೇಳುತ್ತಿದ್ದಾರೋ ತಿಳಿಯದೆ ತಲೆಯಾಡಿಸುತ್ತೇನೆ. ಒಂದು ಸಲ ‘ಏನಂದ್ರಿ’ ಎನ್ನಬಹುದು, ಎರಡು ಸಲ ಎನ್ನಬಹುದು. ಮೂರನೆಯ ಸಲಕ್ಕೆ ಅವರೇ ‘ಏನಿಲ್ಲ ಬಿಡಿ’ ಎಂದು ಆ ಕಡೆಗೆ ತಿರುಗುತ್ತಾರೆ. ಆಮೇಲೆ ಊರಲ್ಲಿ ಮಾತು ಬರುತ್ತದೆ: ಪೇಟೆ ಸೇರಿ ಜಂಬ ಬಂದಿದೆ, ಮಾತಾಡಿಸಿದರೂ ಮುಖ ಕೊಡುವುದಿಲ್ಲ.

ಎರಡೂ ಕಿವಿ ಕೇಳಿಸದವರಿಗೆ ಜನ ಜೋರಾಗಿ ಮಾತಾಡುತ್ತಾರೆ, ಮುಂದೆ ಬಂದು ನಿಲ್ಲುತ್ತಾರೆ. ಒಂದು ಕಿವಿ ಹೋದವರಿಗೆ ಆ ರಿಯಾಯಿತಿಯೂ ಇಲ್ಲ, ಏಕೆಂದರೆ ಹತ್ತು ನಿಮಿಷದ ಕೆಳಗೆ ಎಡಗಡೆಯಿಂದ ಕೇಳಿದ್ದಕ್ಕೆ ಅವರು ಥಟ್ಟನೆ ಉತ್ತರ ಕೊಟ್ಟಿರುತ್ತಾರೆ. ‘ಬೇಕಾದಾಗ ಕೇಳಿಸುತ್ತೆ’ ಎಂಬ ಚುಚ್ಚುಮಾತು ಹುಟ್ಟುವುದು ಹೀಗೆ. ಸಂಜೆಗೆ ತಲೆ ಭಾರವಾಗಿರುತ್ತದೆ. ದಿನವಿಡೀ ತುಟಿ ನೋಡಿ, ಸಂದರ್ಭ ಊಹಿಸಿ, ತಪ್ಪಿದ ಅಕ್ಷರಗಳನ್ನು ತುಂಬಿಸಿಕೊಂಡು ಕೇಳುವುದು ದುಡಿಮೆಯೇ. ಅದನ್ನು ಯಾವ ಆಡಿಯೋಗ್ರಾಮೂ ತೋರಿಸುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಈ ಉದಾಸೀನ ಕ್ರೌರ್ಯವೇ ಆಗುತ್ತದೆ. ಒಂದು ಕಿವಿ ಮಾತ್ರ ಕೇಳುವ ಮಗು ಕರೆದರೆ ತಿರುಗುತ್ತದೆ, ಹೆಚ್ಚಾಗಿ ಸಮಯಕ್ಕೆ ಸರಿಯಾಗಿ ಮಾತು ಕಲಿಯುತ್ತದೆ. ಆದ್ದರಿಂದ ಮನೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ವಿಷಯ ಹೊರಬೀಳುವುದು ಮಗು ಶಾಲೆಗೆ ಸೇರಿದ ಮೇಲೆ, ಒಂದು ದಿನ ಅಜ್ಜಿಯ ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡು ‘ಯಾರೂ ಮಾತಾಡ್ತಿಲ್ಲ’ ಎಂದಾಗ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಫ್ರೆಡ್ ಬೆಸ್ ಮತ್ತು ಆ್ಯನ್ ಮೇರಿ ಥಾರ್ಪ್ 1984ರಲ್ಲಿ ಇಂಥ ಮಕ್ಕಳ ಶಾಲಾ ದಾಖಲೆಗಳನ್ನು ನೋಡಿದರು. ಅವರಲ್ಲಿ ಸುಮಾರು ಶೇಕಡಾ 35 ಮಕ್ಕಳು ಒಂದಾದರೂ ತರಗತಿಯಲ್ಲಿ ಫೇಲಾಗಿದ್ದರು. ಅಲ್ಲಿಯವರೆಗೆ ಅಮೆರಿಕದ ವೈದ್ಯರೂ ನಮ್ಮವರ ಮಾತನ್ನೇ ಆಡುತ್ತಿದ್ದರು: ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಸಾಕು. ನಲವತ್ತು ವರ್ಷಗಳಾದರೂ ನಾವಿನ್ನೂ ಆ ಬೆಂಚನ್ನೇ ಹಿಡಿದುಕೊಂಡಿದ್ದೇವೆ. ಐವತ್ತು ಅರವತ್ತು ಮಕ್ಕಳ ತರಗತಿಯಲ್ಲಿ, ಕಿಟಕಿಯಾಚೆ ಇನ್ನೊಂದು ತರಗತಿ ಮಗ್ಗಿ ಹೇಳುತ್ತಿರುವಾಗ, ಮುಂದಿನ ಬೆಂಚು ಮೇಷ್ಟರ ಮಾತನ್ನು ಹತ್ತಿರ ತರುತ್ತದೆ. ಹಿಂದಿನಿಂದ ಸಹಪಾಠಿ ಕೇಳಿದ ಪ್ರಶ್ನೆಯನ್ನು ತರುವುದಿಲ್ಲ.

ಮಕ್ಕಳಲ್ಲಿ ಒಂದೇ ಕಿವಿ ಕಿವುಡಾಗಲು ಪ್ರಸಿದ್ಧ ಕಾರಣವೊಂದು ಮಂಗನಬಾವು. ಕೆನ್ನೆ ಊದಿ, ಜ್ವರ ಬಂದು, ವಾರದಲ್ಲಿ ಇಳಿಯುವ ಕಾಯಿಲೆ ಎಂದು ನಾವು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಕೆಲವು ಮಕ್ಕಳಲ್ಲಿ ಅದರ ವೈರಸ್ ಒಳಗಿವಿಯನ್ನು ಒಂದು ಬದಿಯಲ್ಲಿ ಪೂರ್ತಿ ಹಾಳುಮಾಡಿ ಹೋಗುತ್ತದೆ. ಇದಕ್ಕೆ ಲಸಿಕೆ ಇದೆ. ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟವರ ಮಕ್ಕಳಿಗೆ ಸಿಗುತ್ತದೆ. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಕೊಡುವುದು ದಡಾರ ಮತ್ತು ರುಬೆಲ್ಲಾದ ಜೋಡಿ ಲಸಿಕೆ, ಅದರಲ್ಲಿ ಮಂಗನಬಾವಿನ ಪಾಲಿಲ್ಲ. ಒಂದು ಕಿವಿ ಹೋಗುವುದನ್ನು ನಷ್ಟವೆಂದೇ ಎಣಿಸದ ಸಮಾಜದಲ್ಲಿ ಈ ಪಾಲನ್ನು ಸೇರಿಸಿ ಎಂದು ಗಟ್ಟಿಯಾಗಿ ಕೇಳುವವರು ಎಲ್ಲಿಂದ ಬರಬೇಕು?

ದೊಡ್ಡವರಲ್ಲೂ ‘ಇನ್ನೊಂದು ಇದೆಯಲ್ಲ’ ಎಂಬ ಮಾತು ಕಿವಿಯನ್ನೇ ಕಳೆಯುತ್ತದೆ. ಬೆಳಗ್ಗೆ ಎದ್ದಾಗ ಒಂದು ಕಿವಿ ಬಂದ್ ಆಗಿದೆ, ಒಳಗೆ ಗುಂಯ್ ಎನ್ನುತ್ತಿದೆ. ಮೂರು ದಿನದೊಳಗೆ, ಆಡಿಯೋಗ್ರಾಮಿನ ಅಕ್ಕಪಕ್ಕದ ಮೂರು ಆವರ್ತನಗಳಲ್ಲಿ 30 ಡೆಸಿಬೆಲ್ ಅಥವಾ ಹೆಚ್ಚು ಕುಸಿದರೆ ಅದನ್ನು ದಿಢೀರ್ ಶ್ರವಣನಷ್ಟ ಎನ್ನುತ್ತಾರೆ. ಅದು ತುರ್ತು. ಸ್ಟೆರಾಯ್ಡ್ ಚಿಕಿತ್ಸೆ ಹೆಚ್ಚು ಫಲ ಕೊಡುವುದು ಮೊದಲ ಎರಡು ವಾರದೊಳಗೆ ಶುರುವಾದಾಗ. ಆ ಎರಡು ವಾರವನ್ನು ನಮ್ಮವರು ಏನು ಮಾಡುತ್ತಾರೆ? ಶೀತ ಕಟ್ಟಿರಬೇಕು ಎನ್ನುತ್ತಾರೆ, ಗುಗ್ಗೆ ತುಂಬಿರಬೇಕು ಎನ್ನುತ್ತಾರೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾರೆ. ಇನ್ನೊಂದು ಕಿವಿ ಕೆಲಸ ಮಾಡುತ್ತಿರುವುದರಿಂದ ಯಾರಿಗೂ ಅವಸರವಿಲ್ಲ. ಒಂದೇ ಕಣ್ಣು ರಾತ್ರೋರಾತ್ರಿ ಕಾಣದಂತಾದರೆ ಇದೇ ಜನ ಆಂಬುಲೆನ್ಸ್ ಕರೆಯುತ್ತಾರೆ. ಇನ್ನೊಂದು ಸಂಗತಿಯನ್ನು ವೈದ್ಯರೇ ನೆನಪಿಡಬೇಕು: ಕಾರಣ ತಿಳಿಯದೆ ಒಂದೇ ಬದಿಯ ಕಿವಿ ಮಂದವಾಗುತ್ತ ಹೋದರೆ ಶ್ರವಣ ನರದ ಮೇಲೆ ಗಡ್ಡೆ ಬೆಳೆಯುತ್ತಿದೆಯೇ ಎಂದು ಎಂಆರ್‌ಐ ಮಾಡಿಸಿ ನೋಡಬೇಕು. ಗಡ್ಡೆ ಸಿಗುವುದು ವಿರಳ. ಆದರೆ ‘ಇನ್ನೊಂದು ಇದೆಯಲ್ಲ’ ಎಂದು ಕಳಿಸಿದವರ ಕೈಯಲ್ಲಿ ಅದು ಯಾವತ್ತೂ ಸಿಗುವುದಿಲ್ಲ.

ಇನ್ನು ಸಾಧನದ ವಿಷಯ. ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲೇ, ಏಕೆಂದರೆ ಸುಳ್ಳು ಅತ್ಯಂತ ಸಲೀಸಾಗಿ ಕೆಲಸ ಮಾಡುವುದು ಇಲ್ಲಿ. ಮೆಷಿನ್ ಹಾಕಿಸಿಕೊಂಡವರು ಹದಿನೈದು ದಿನಕ್ಕೆ ತೆಗೆದಿಟ್ಟು ‘ನನಗೆ ಸೂಟ್ ಆಗಲಿಲ್ಲ’ ಎನ್ನುತ್ತಾರೆ. ಸುತ್ತಲಿನವರು ‘ಹೇಳಿರಲಿಲ್ಲವೇ’ ಎನ್ನುತ್ತಾರೆ. ನಿಜವಾಗಿ ಏನಾಯಿತೆಂದು ಯಾರೂ ಕೇಳುವುದಿಲ್ಲ.

ಎಲ್ಲರೂ ಸಾಧನವನ್ನು ಕನ್ನಡಕಕ್ಕೆ ಹೋಲಿಸುತ್ತಾರೆ, ಅಂಗಡಿಯವರಂತೂ ಮೊದಲು ಹೇಳುವುದೇ ಅದನ್ನು. ಹೋಲಿಕೆ ಹಾದಿ ತಪ್ಪಿಸುತ್ತದೆ. ಕನ್ನಡಕ ಹಾಕಿದ ಕೂಡಲೇ ಅಕ್ಷರ ಕಾಣುತ್ತದೆ, ಏಕೆಂದರೆ ಕೆಟ್ಟಿದ್ದು ಬೆಳಕನ್ನು ಕೂಡಿಸುವ ಭಾಗ, ನೋಡುವ ಭಾಗವಲ್ಲ. ಒಳಗಿವಿ ಕೆಟ್ಟಾಗ ಹಾಳಾಗಿರುವುದು ಸದ್ದನ್ನು ನರಕ್ಕೆ ದಾಟಿಸುವ ಕೂದಲಕೋಶಗಳೇ. ಅವು ಮತ್ತೆ ಹುಟ್ಟುವುದಿಲ್ಲ. ಉಳಿದ ಕೋಶಗಳಿಗೆ ಸದ್ದನ್ನು ಹಿಗ್ಗಿಸಿ ಕೊಡುವುದಷ್ಟೇ ಸಾಧನ ಮಾಡಬಲ್ಲ ಕೆಲಸ. ಬಂದ ಹೊಸ ಸಂಕೇತಕ್ಕೆ ಅರ್ಥ ಕಟ್ಟಬೇಕಾದದ್ದು ಮಿದುಳು, ಅದಕ್ಕೆ ದಿನಗಳು ಬೇಕು.

ಮೊದಲ ದಿನ ಏನಾಗುತ್ತದೆ? ನಲ್ಲಿಯ ನೀರು ಬಕೆಟ್ಟಿಗೆ ಬೀಳುವ ಸದ್ದು ಜಲಪಾತದಷ್ಟು ದೊಡ್ಡದು. ಪ್ಲಾಸ್ಟಿಕ್ ಚೀಲ ಮುಟ್ಟಿದರೆ ಕಿವಿಯೊಳಗೆ ಚರಚರ. ಪಾತ್ರೆ ತೊಳೆಯುವವರ ಪಕ್ಕ ನಿಲ್ಲಲಾಗದು. ನಮ್ಮದೇ ದನಿ ಡಬ್ಬದೊಳಗಿನಿಂದ ಬಂದಂತೆ ಗುಮ್ಮೆನ್ನುತ್ತದೆ, ಏಕೆಂದರೆ ಕಿವಿಯ ನಾಳವನ್ನು ಮುಚ್ಚಿದಾಗ ದವಡೆಯ ಮೂಳೆಯಿಂದ ಬರುವ ಸದ್ದು ಹೊರಗೆ ಹೋಗದೆ ಒಳಗೇ ಸುತ್ತುತ್ತದೆ. ಕುಕ್ಕರ್ ಕೂಗಿದರೆ ಕಿವಿ ಸೀಳಿದಂತಾಗುತ್ತದೆ. ಇದಕ್ಕೊಂದು ಕಾರಣವಿದೆ: ಹಾಳಾದ ಒಳಗಿವಿಯಲ್ಲಿ ಸಣ್ಣ ಸದ್ದು ಕೇಳಿಸುವುದೇ ಇಲ್ಲ, ದೊಡ್ಡ ಸದ್ದು ಮಾತ್ರ ಮೊದಲಿನಷ್ಟೇ ದೊಡ್ಡದಾಗಿ ಕೇಳಿಸುತ್ತದೆ, ಕೇಳಿಸದ್ದಕ್ಕೂ ಸಹಿಸಲಾಗದ್ದಕ್ಕೂ ನಡುವಿನ ಜಾಗ ಕಿರಿದಾಗಿರುತ್ತದೆ. ಒಳ್ಳೆಯ ಡಿಜಿಟಲ್ ಸಾಧನ ಸಣ್ಣ ಸದ್ದನ್ನು ಹೆಚ್ಚು, ದೊಡ್ಡದನ್ನು ಕಡಿಮೆ ಹಿಗ್ಗಿಸಿ ಎಲ್ಲವನ್ನೂ ಆ ಕಿರಿದಾದ ಜಾಗದಲ್ಲಿ ಹೊಂದಿಸುತ್ತದೆ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಅಗ್ಗದ ‘ಕಿವಿ ಮೆಷಿನ್’ ನಿಮ್ಮ ಆಡಿಯೋಗ್ರಾಂ ನೋಡಿ ಮಾಡಿದ್ದಲ್ಲ, ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮ ಹಿಗ್ಗಿಸುತ್ತದೆ. ಅದನ್ನು ಹಾಕಿ, ತಲೆನೋವು ತರಿಸಿಕೊಂಡು, ಹಿಯರಿಂಗ್ ಏಡೇ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬಂದವರು ನನಗೆ ಎಷ್ಟೋ ಜನ ಸಿಕ್ಕಿದ್ದಾರೆ.

ಇಷ್ಟು ಕಷ್ಟ ಎರಡು ಕಿವಿಗೂ ಹಾಕಿಕೊಳ್ಳುವವರಿಗೂ ಇದೆ. ಒಂದೇ ಕಿವಿಗೆ ಹಾಕಿಕೊಳ್ಳುವವರಿಗೆ ಇನ್ನೂ ಒಂದು ಹೊರೆ ಇದೆ: ಪಕ್ಕದಲ್ಲೇ ಒಳ್ಳೆಯ ಕಿವಿ ಇರುವುದು. ಎರಡೂ ಕಿವಿ ಮಂದವಾದವರಿಗೆ ಸಾಧನ ತೆಗೆದರೆ ಲೋಕ ಮೌನವಾಗುತ್ತದೆ, ಆದ್ದರಿಂದ ಹಟ ಹಿಡಿದು ಹಾಕಿಕೊಳ್ಳುತ್ತಾರೆ. ನಮ್ಮಂಥವರಿಗೆ ತೆಗೆದರೆ ಹಾಯೆನ್ನಿಸುತ್ತದೆ. ಎಡಗಿವಿಯಲ್ಲಿ ದನಿ ದನಿಯಾಗಿಯೇ ಕೇಳುತ್ತಿದ್ದರೆ ಬಲಗಿವಿಯಲ್ಲಿ ತಗಡಿನ ಸದ್ದು, ಎರಡೂ ಒಂದಕ್ಕೊಂದು ಬೆರೆಯುವುದಿಲ್ಲ. ಇದರಲ್ಲಿ ಯಂತ್ರದ ಪಾಲೂ ಇದೆ. ಡಿಜಿಟಲ್ ಸಾಧನ ಸದ್ದನ್ನು ಲೆಕ್ಕಹಾಕಿ ಹೊರಬಿಡಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ದಿಕ್ಕು ಹಿಡಿಯಲು ಮಿದುಳು ನೆಚ್ಚಿಕೊಂಡಿರುವುದು 0.7 ಮಿಲಿಸೆಕೆಂಡಿಗಿಂತಲೂ ಚಿಕ್ಕ ಅಂತರವನ್ನು. ಎರಡೂ ಕಿವಿಯಲ್ಲಿ ಸಾಧನವಿದ್ದರೆ ಎರಡೂ ಸಮಾನವಾಗಿ ತಡವಾಗುತ್ತವೆ. ಒಂದರಲ್ಲೇ ಇದ್ದರೆ ಲೆಕ್ಕವೆಲ್ಲ ಏರುಪೇರು. ಹೀಗಿರುವಾಗ ಮೊದಲ ವಾರ ಹಿತವಾಗಿರಬೇಕೆಂದು ಬಯಸುವುದು ನ್ಯಾಯವಲ್ಲ. ಹಿತವಾಗಿಲ್ಲ ಎಂಬ ಕಾರಣಕ್ಕೆ ಕೈಬಿಡುವುದೂ ಸರಿಯಲ್ಲ.

ಮಿದುಳು ಕಲಿಯುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. ನೆದರ್ಲೆಂಡ್ಸ್‌ನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತರ ಕಿವಿಯ ಹಾಲೆಗಳಲ್ಲಿ ಅಚ್ಚು ಕೂರಿಸಿ ಅವುಗಳ ಆಕಾರವನ್ನೇ ಬದಲಿಸಿದರು. ಸದ್ದು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂಬುದು ಅವರಿಗೆ ತಿಳಿಯದಾಯಿತು. ಅಚ್ಚನ್ನು ತೆಗೆಯದೆ ಓಡಾಡಿಕೊಂಡಿದ್ದವರು ಕೆಲವೇ ವಾರಗಳಲ್ಲಿ ಹೊಸ ಕಿವಿಯಿಂದಲೂ ದಿಕ್ಕು ಹಿಡಿಯತೊಡಗಿದರು. ಅದನ್ನು ದಿನವೂ ಹಾಕಿಕೊಂಡಿದ್ದರು ಎಂಬುದೇ ಇಲ್ಲಿ ಮುಖ್ಯ. ಸಾಧನವನ್ನು ಮದುವೆಗೆ, ಮೀಟಿಂಗಿಗೆ ಮಾತ್ರ ಹಾಕಿಕೊಳ್ಳುವವರು ಅತ್ಯಂತ ಕಷ್ಟದ ಗದ್ದಲದಲ್ಲಿ ಅತ್ಯಂತ ಕಡಿಮೆ ಅಭ್ಯಾಸದೊಂದಿಗೆ ಅದನ್ನು ಪರೀಕ್ಷೆಗೆ ಒಡ್ಡುತ್ತಿದ್ದಾರೆ. ಸೋಲದೆ ಇನ್ನೇನಾದೀತು? ಮನೆಯಲ್ಲಿ, ಸದ್ದಿಲ್ಲದ ಹೊತ್ತಿನಲ್ಲಿ ಶುರುಮಾಡಬೇಕು. ದಿನಕ್ಕೆ ಕೆಲವು ಗಂಟೆ, ಆಮೇಲೆ ಎದ್ದಾಗಿನಿಂದ ಮಲಗುವವರೆಗೆ. ರೇಡಿಯೋ ಹಚ್ಚಿ ಒಳ್ಳೆಯ ಕಿವಿಯನ್ನು ಬೆರಳಿನಿಂದ ಮುಚ್ಚಿ ವಾರ್ತೆ ಕೇಳಬೇಕು. ಮನೆಯವರು ಪೇಪರ್ ಓದಬೇಕು, ಸಾಧನ ಹಾಕಿದ ಬದಿಯಲ್ಲಿ ಕುಳಿತು ಓದಬೇಕು. ಇದನ್ನೆಲ್ಲ ಮನೆಯವರು ಮಾಡಬೇಕಾದರೆ ಅವರು ಮೊದಲು ಆ ಕಿವಿಗೆ ಬೆಲೆ ಇದೆಯೆಂದು ನಂಬಬೇಕು. ‘ಇನ್ನೊಂದು ಇದೆಯಲ್ಲ’ ಎನ್ನುವವರು ಎಂದೂ ಆ ಬದಿಗೆ ಬಂದು ಕೂರುವುದಿಲ್ಲ.

‘ಮೆಷಿನ್ ಹಾಕಿದರೆ ಕಿವಿ ಸೋಮಾರಿಯಾಗುತ್ತೆ’ ಎಂದು ಹೆದರಿಸುವವರಿಗೆ ಒಂದು ಮಾತು. ಆಗುವುದು ತದ್ವಿರುದ್ಧ. ಸಿಲ್ಮನ್, ಗೆಲ್ಫಂಡ್ ಮತ್ತು ಸಿಲ್ವರ್‌ಮನ್ 1984ರಲ್ಲಿ, ಎರಡೂ ಕಿವಿ ಮಂದವಾಗಿದ್ದರೂ ಒಂದಕ್ಕೆ ಮಾತ್ರ ಸಾಧನ ಹಾಕಿಕೊಂಡವರನ್ನು ವರ್ಷಗಳ ಬಳಿಕ ಪರೀಕ್ಷಿಸಿದರು. ಸಾಧನ ಹಾಕಿದ ಕಿವಿ ಪದಗಳನ್ನು ಗುರುತಿಸುವ ಶಕ್ತಿಯನ್ನು ಉಳಿಸಿಕೊಂಡಿತ್ತು. ಹಾಕದೆ ಬಿಟ್ಟ ಕಿವಿಯಲ್ಲಿ ಅದು ಕುಗ್ಗಿತ್ತು. ಸದ್ದು ಸಿಗದ ಕಿವಿ ಮಾತನ್ನು ಮರೆಯುತ್ತದೆ. ‘ಮುಂದೆ ನೋಡೋಣ’ ಎಂದು ಮುಂದೂಡಿದ ಪ್ರತಿ ವರ್ಷವೂ ಆ ಕಿವಿಯ ಖಾತೆಯಿಂದ ಕಳೆದುಹೋಗುತ್ತದೆ.

ಸಾಧನವನ್ನು ಹೊಂದಿಸಿಕೊಡುವ ಆಡಿಯಾಲಜಿಸ್ಟರ ಪಾಲು ದೊಡ್ಡದು. ಒಂದು ಸಲ ಕಂಪ್ಯೂಟರಿಗೆ ಜೋಡಿಸಿ, ‘ಕೇಳಿಸ್ತಿದೆಯಾ’ ಎಂದು ಕೇಳಿ ಕಳಿಸುವುದು ಫಿಟ್ಟಿಂಗ್ ಅಲ್ಲ. ಸಣ್ಣ ಕೊಳವೆಯ ಮೈಕನ್ನು ನಾಳದೊಳಗೆ ಇಟ್ಟು, ಕಿವಿತಮಟೆಯ ಹತ್ತಿರ ನಿಜಕ್ಕೂ ಎಷ್ಟು ಸದ್ದು ಬೀಳುತ್ತಿದೆ ಎಂದು ಅಳೆಯಬೇಕು. ಮೊದಲು ಕಡಿಮೆಯಿಟ್ಟು, ವಾರಗಳ ಅಂತರದಲ್ಲಿ ಏರಿಸಬೇಕು. ಗದ್ದಲ ಹಾಕಿ ಮಾತಿನ ಪರೀಕ್ಷೆ ಮಾಡಬೇಕು, ಕನ್ನಡದವರಿಗೆ ಕನ್ನಡದ ಪದಗಳಲ್ಲಿ. ಅಂಥ ಪದಪಟ್ಟಿಗಳನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸಿದ್ಧಪಡಿಸಿಕೊಟ್ಟಿದೆ. ದಿನಕ್ಕೆ ಎಷ್ಟು ಗಂಟೆ ಹಾಕಿದ್ದೇವೆ ಎಂಬುದನ್ನು ಇಂದಿನ ಹೆಚ್ಚಿನ ಸಾಧನಗಳು ದಾಖಲಿಸಿಕೊಳ್ಳುತ್ತವೆ. ಆ ದಾಖಲೆ ನೋಡಿ ಮಾತಾಡುವ ಆಡಿಯಾಲಜಿಸ್ಟ್ ಸಿಕ್ಕರೆ ಬಿಡಬೇಡಿ. ರೋಗಿಯೂ ‘ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ‘ಚಮಚದ ಸದ್ದು ಚುಚ್ಚುತ್ತದೆ’, ‘ಹೆಣ್ಣುಮಕ್ಕಳ ದನಿ ಮಸುಕು’, ‘ಅಗಿಯುವಾಗ ಸೀಟಿ ಹೊಡೆಯುತ್ತದೆ’ ಎಂದು ಬಿಡಿಸಿ ಹೇಳಬೇಕು, ಪ್ರತಿಯೊಂದಕ್ಕೂ ಬೇರೆ ಬೇರೆ ಪರಿಹಾರವಿದೆ. ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡದಿದ್ದರೆ ಸಾಧನವೇ ಕೆಡುತ್ತದೆ ಎಂಬುದನ್ನೂ ಕೊಡುವಾಗಲೇ ಹೇಳಬೇಕು.

ಸಾಧನ ಎಲ್ಲರಿಗೂ ಎಲ್ಲವನ್ನೂ ಮರಳಿ ಕೊಡುತ್ತದೆ ಎಂದು ನಾನು ಹೇಳುತ್ತಿಲ್ಲ. ದಿಕ್ಕಿನ ಅರಿವು ಮೊದಲಿನಂತೆ ಆಗುವುದಿಲ್ಲ. ಕಿವಿ ಪೂರ್ತಿ ಸತ್ತಿದ್ದರೆ ಸಾಮಾನ್ಯ ಸಾಧನದಿಂದ ಪ್ರಯೋಜನವೇ ಇಲ್ಲ. ಅಂಥವರಿಗೆ ಕೇಳದ ಬದಿಯ ಸದ್ದನ್ನು ಹಿಡಿದು ಒಳ್ಳೆಯ ಕಿವಿಗೆ ಕಳಿಸುವ ಕ್ರಾಸ್ ಸಾಧನ ಇದೆ, ಮೂಳೆಯ ಮೂಲಕ ದಾಟಿಸುವ ಸಾಧನ ಇದೆ. ಇವು ತಲೆಯ ಅಡ್ಡಿಯನ್ನು ದಾಟಿಸುತ್ತವೆ, ಎರಡು ಕಿವಿಯ ಕೇಳ್ಮೆಯನ್ನು ತರುವುದಿಲ್ಲ. ಎರಡನೆಯ ಕಿವಿಯನ್ನೇ ಎಬ್ಬಿಸುವ ಯತ್ನವೆಂದರೆ ಕಾಕ್ಲಿಯರ್ ಇಂಪ್ಲಾಂಟ್. ಒಂದೇ ಬದಿಯ ಕಿವುಡಿಗೆ ಅದನ್ನು ಅಮೆರಿಕದ ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿತು. ಒಂದು ಕಿವಿ ಸಾಕಾಗಿದ್ದರೆ ಲಕ್ಷಾಂತರ ರೂಪಾಯಿಯ ಆ ಶಸ್ತ್ರಚಿಕಿತ್ಸೆಗೆ ಅನುಮತಿ ಕೊಡುವ ಅಗತ್ಯವೇ ಇರಲಿಲ್ಲ.

ನಮ್ಮ ಕಾನೂನು ಮಾತ್ರ ಹಿರಿಯರ ಸಮಾಧಾನದ ಮಾತನ್ನೇ ಲೆಕ್ಕವಾಗಿ ಬರೆದುಕೊಂಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಕಿವುಡರೆಂದರೆ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟವಾದವರು, ಮಂದಶ್ರವಣದವರೆಂದರೆ ಎರಡೂ ಕಿವಿಯಲ್ಲಿ 60ರಿಂದ 70. ಶೇಕಡಾವಾರು ಲೆಕ್ಕಹಾಕುವಾಗ ಒಳ್ಳೆಯ ಕಿವಿಗೆ ಐದು ಪಾಲು, ಕೆಟ್ಟದ್ದಕ್ಕೆ ಒಂದು ಪಾಲು ಕೊಟ್ಟು ಆರರಿಂದ ಭಾಗಿಸುತ್ತಾರೆ. ಒಂದು ಕಿವಿ ನೂರಕ್ಕೆ ನೂರು ಹೋಗಿ ಇನ್ನೊಂದು ಚೆನ್ನಾಗಿದ್ದರೆ ಬರುವುದು ಶೇಕಡಾ 16.67. ಸೌಲಭ್ಯಕ್ಕೆ ಬೇಕಾದದ್ದು 40. ಕೇಂದ್ರದ ಅಡಿಪ್ ಯೋಜನೆಯ ಉಚಿತ ಶ್ರವಣಸಾಧನವೂ ಆ 40ರ ಗೆರೆಯಾಚೆಗೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2021ರ ಶ್ರವಣ ವರದಿಯಲ್ಲಿ ಒಂದು ಬದಿಯ ನಷ್ಟವನ್ನು ಪ್ರತ್ಯೇಕ ವರ್ಗವಾಗಿ ಹೆಸರಿಸಿದೆ: ಒಳ್ಳೆಯ ಕಿವಿ 20 ಡೆಸಿಬೆಲ್ ಒಳಗಿದ್ದು, ಇನ್ನೊಂದರಲ್ಲಿ 35 ಅಥವಾ ಹೆಚ್ಚು ನಷ್ಟ. ನಮ್ಮಲ್ಲಿ ಆ ಸಾಲೇ ಇಲ್ಲ.

ಇದೇ ಸರ್ಕಾರ ಸೈನ್ಯಕ್ಕೆ ಆಳು ತೆಗೆದುಕೊಳ್ಳುವಾಗ 610 ಸೆಂಟಿಮೀಟರ್ ದೂರದಿಂದ ಪಿಸುಗುಟ್ಟಿ, ಪ್ರತಿ ಕಿವಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುತ್ತದೆ. ಒಂದು ಕಿವಿಗೆ ಕೇಳಿಸದಿದ್ದರೆ ಹುಡುಗ ಅನರ್ಹ. ಕೆಲಸ ಕೊಡುವಾಗ ಎರಡೂ ಕಿವಿ ಬೇಕು, ನೆರವು ಕೊಡುವಾಗ ಒಂದೇ ಸಾಕು. ಈ ಎರಡು ನಿಯಮಗಳು ಒಂದೇ ದೇಶದ ಪುಸ್ತಕದಲ್ಲಿ ಇರಕೂಡದು. ಒಂದು ಬದಿಯ ನಷ್ಟಕ್ಕೆ ಪ್ರತ್ಯೇಕ ವರ್ಗ ಬೇಕು. ಶಾಲೆಗೆ ಹೋಗುವ ಮಕ್ಕಳಿಗಾದರೂ 40ರ ಗೆರೆಯಿಲ್ಲದೆ ಸಾಧನ ಸಿಗಬೇಕು. ಒಂದನೆಯ ತರಗತಿಗೆ ಸೇರುವ ಪ್ರತಿ ಮಗುವಿನ ಎರಡೂ ಕಿವಿಯನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. 1965ರಿಂದ ಮೈಸೂರಿನಲ್ಲಿ ದೇಶದ ಹಿರಿಯ ಶ್ರವಣ ಸಂಸ್ಥೆಯನ್ನು ಇಟ್ಟುಕೊಂಡಿರುವ ಕರ್ನಾಟಕ, ಈ ಪರೀಕ್ಷೆಯನ್ನು ಕೇಂದ್ರದ ಅಪ್ಪಣೆಗೆ ಕಾಯದೆ ಬರುವ ಜೂನ್‌ನಿಂದಲೇ ಶುರುಮಾಡಬಹುದು.